ಮಗಳ ಓಟ, ನನ್ನ ಜೂನ್ ಒಂದು

ನಾಚಿಕೆಯಾದರೆ ಕೆಲವರ ಮುಖ ಕೆಂಪಾಗುತ್ತದೆ, ಕೆಲವರು ತಲೆ ತಗ್ಗಿಸುತ್ತಾರೆ. ನನಗೆ ಕಿವಿ ಬಿಸಿಯಾಗುತ್ತವೆ. ಮೂರು ತಿಂಗಳಿಂದ ಸಂಜೆ ಐದೂವರೆ ಆಯಿತೆಂದರೆ ಎರಡೂ ಕಿವಿಗಳು ತಾವಾಗಿಯೇ ಕಾಯತೊಡಗುತ್ತವೆ. ಅದು ಮಗಳನ್ನು ಓಟದ ಕ್ಲಾಸಿಗೆ ಬಿಡುವ ಹೊತ್ತು. ಕಾರಣ ನನ್ನ ಹೆಂಡತಿ ಗೀತಾಳಿಗೆ ಚೆನ್ನಾಗಿ ಗೊತ್ತಿದೆ. ಗೊತ್ತಿದ್ದೂ ಅವಳು ಇದು ಬಿಪಿಯೇ ಇರಬೇಕು ಎನ್ನುತ್ತ ಉಪ್ಪಿನಕಾಯಿ ಭರಣಿಯನ್ನು ನನ್ನ ಕೈಗೆ ಎಟುಕದ ಕಡೆ ಇಟ್ಟಿದ್ದಾಳೆ. ನಾನೂ ಕೇಳಲು ಹೋಗಿಲ್ಲ. ಮಾಡಿದ ಕೆಲಸಕ್ಕೆ ಅಷ್ಟಾದರೂ ಶಿಕ್ಷೆ ಬೇಕು.

ಮಗಳು ಸೃಷ್ಟಿಗೆ ಹತ್ತೂವರೆ ವರ್ಷ. ಈ ಹತ್ತೂವರೆಯನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ಅವಳು ನಡೆಯುವುದನ್ನು ನಾನು ನೋಡಿದ್ದು ಕಡಿಮೆ. ಕೊತ್ತಂಬರಿ ತರಲು ಓಡುತ್ತಾಳೆ, ಗಿರಣಿಗೆ ಓಡುತ್ತಾಳೆ, ಅಡುಗೆಮನೆಯಿಂದ ಪಡಸಾಲೆಗೆ ಚಹಾ ತರುವಾಗಲೂ ಓಡುವುದರಿಂದ ನನಗೆ ಯಾವತ್ತೂ ಮುಕ್ಕಾಲು ಕಪ್ಪೇ ಸಿಗುವುದು. ಒಮ್ಮೆ ಶಾಲೆಯ ಓಟದಲ್ಲಿ ಮೂರನೆಯವಳಾಗಿ ಬಂದಳು. ಓಡಿದ್ದು ನಾಲ್ಕೇ ಜನ ಎಂಬುದೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ನಾನು ಹುಕ್ಕೇರಿಯ ನನ್ನ ಆಫೀಸಿನಲ್ಲಿ ಹೇಳಿದೆ. ಎರಡನೆಯ ಸಲ ಹೇಳುವಾಗ ಮೂರನೆಯ ನಂಬರು ಎರಡನೆಯದಾಯಿತು, ಆ ತಿಂಗಳು ಮುಗಿಯುವುದರೊಳಗೆ ಮೊದಲನೆಯದಾಯಿತು. ಹಾಗಾದರೆ ತಾಲೂಕು ಮಟ್ಟಕ್ಕೆ ಯಾವಾಗ ಎಂದು ಒಬ್ಬರು ಕೇಳಿದರು. ಟ್ರೇನಿಂಗ್ ನಡೆದಿದೆ ಎಂದುಬಿಟ್ಟೆ. ಹೀಗೆ ಮಗಳ ಟ್ರೇನಿಂಗ್ ಮೊದಲು ಶುರುವಾಗಿ, ಕ್ಲಬ್ಬನ್ನು ಆಮೇಲೆ ಹುಡುಕಬೇಕಾಯಿತು.

ನಾವಿರುವುದು ಗೋಕಾಕಿನಲ್ಲಿ. ಮೊದಲು ನೋಡಿದ ಕ್ಲಬ್ಬು ನಮ್ಮ ಓಣಿಯಿಂದ ಹತ್ತಿರವೇ ಇತ್ತು. ಗೇಟಿಗೆ ದೊಡ್ಡ ಬ್ಯಾನರು, ಮಕ್ಕಳಿಗೆಲ್ಲ ನೀಲಿ ಟ್ರ್ಯಾಕ್‌ಸೂಟು. ನನಗೆ ನೋಡಿದ ಕೂಡಲೇ ಹಿಡಿಸಿತು. ಆದರೆ ನಾವು ನಿಂತಿದ್ದ ಮುಕ್ಕಾಲು ಗಂಟೆಯಲ್ಲಿ ಮಕ್ಕಳು ಸಾಲಾಗಿ ನಿಂತು ಫೋಟೋ ತೆಗೆಸಿಕೊಂಡರು, ಮತ್ತೆ ಎತ್ತರದ ಪ್ರಕಾರ ನಿಂತು ಇನ್ನೊಂದು ತೆಗೆಸಿಕೊಂಡರು. ಇಲ್ಲಿ ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚಿದೆ ಎಂದು ಗೀತಾ ತೀರ್ಪು ಕೊಟ್ಟಳು. ಎರಡನೆಯದು ನನ್ನ ಮಾವನವರು ಹೇಳಿದ್ದು, ಅವರ ಊರಾದ ಮೂಡಲಗಿಯಲ್ಲಿ. ದಿನಾ ಶಾಲೆ ಬಿಟ್ಟಮೇಲೆ ಗೋಕಾಕಿನಿಂದ ಮೂಡಲಗಿಗೆ ಹೋಗುವುದು ಹೇಗೆ ಎಂದರೆ, ಮೊಮ್ಮಗಳು ನಮ್ಮಲ್ಲೇ ಇರಲಿ ಎಂದರು. ಅಲ್ಲಿ ಕಲಿಸುವವರು ಅವರ ಬೀಗರ ಪೈಕಿ. ಮಾವನವರ ಕಡೆಯ ಯಾವ ಮಗುವೂ ಎಲ್ಲಿಯೂ ಎರಡನೆಯದಾಗಿ ಬಂದದ್ದನ್ನು ನಾನು ಕೇಳಿಲ್ಲವಾದ್ದರಿಂದ ಆ ದಾರಿಯೂ ಕೆಟ್ಟದ್ದೇನೂ ಅಲ್ಲವೆನಿಸಿತು. ಮಗಳನ್ನು ಬಿಟ್ಟಿರುವುದಿಲ್ಲ ಎಂದು ಗೀತಾ ಖಡಕ್ಕಾಗಿ ಹೇಳಿದಳು.

ಕೊನೆಗೆ ಸೃಷ್ಟಿಯೇ ಒಂದು ಹೆಸರು ಹೇಳಿದಳು. ಅವಳ ಗೆಳತಿ ಐಶ್ವರ್ಯಾ ಹೋಗುತ್ತಿದ್ದದ್ದು ಮಿಲ್ಟ್ರಿ ಕಾಕಾನ ಹತ್ತಿರ. ಸೈನ್ಯದಿಂದ ನಿವೃತ್ತರಾದ ಮೇಲವಂಕಿಯ ಈ ಹಿರಿಯರು ಊರ ಹೊರಗೆ ಕಬ್ಬಿನ ಹೊಲದ ಬಾಜೂ ಖಾಲಿ ಬಿದ್ದ ಜಾಗದಲ್ಲಿ ಸಂಜೆ ಮಕ್ಕಳನ್ನು ಓಡಿಸುತ್ತಾರೆ. ಬ್ಯಾನರಿಲ್ಲ, ಟ್ರ್ಯಾಕ್‌ಸೂಟಿಲ್ಲ. ಇರುವುದು ಎರಡು ಗುಂಪು. ಹತ್ತು ತುಂಬದವರಿಗೆ ಅರ್ಧ ಸುತ್ತು, ತುಂಬಿದವರಿಗೆ ಎರಡು ಸುತ್ತು. ಮಗಳನ್ನು ಸೇರಿಸುವ ಹಿಂದಿನ ದಿನ ನಾನೊಬ್ಬನೇ ಹೋಗಿ ಬೇಲಿಯ ಈಚೆ ನಿಂತು ನೋಡಿ ಬಂದೆ. ದೊಡ್ಡವರ ಗುಂಪಿನ ಹುಡುಗಿಯರು ನನ್ನ ಮುಂದೆ ಹಾದುಹೋದ ವೇಗಕ್ಕೆ ನಾನು ಬೇಲಿ ಬಿಟ್ಟು ಒಂದು ಹೆಜ್ಜೆ ಹಿಂದೆ ಸರಿದೆ. ಇವರ ನಡುವೆ ನನ್ನ ಮಗಳು ಕೊನೆಯವಳೇ. ಆಫೀಸಿನಲ್ಲಿ ನಾನೇನು ಹೇಳಲಿ? ಸಣ್ಣವರ ಗುಂಪಿನಲ್ಲಾದರೆ ಅವಳೇ ಮೊದಲು. ಬೇಕಾದದ್ದು ಒಂದು ವರ್ಷ ಕಡಿಮೆ, ಅಷ್ಟೇ.

ಒಂದು ವರ್ಷ ನಮ್ಮ ಕಡೆ ಒಂದು ಲೆಕ್ಕವೇ ಅಲ್ಲ. ನಾನು ಹುಟ್ಟಿದ್ದು ಬೆಲ್ಲದ ಬಾಗೇವಾಡಿಯಲ್ಲಿ. ಶಾಲೆಗೆ ಹಾಕುವ ದಿನ ಮಾಸ್ತರರು ನನ್ನ ಬಲಗೈಯನ್ನು ತಲೆಯ ಮೇಲಿಂದ ತರಿಸಿ ಎಡಕಿವಿ ಮುಟ್ಟಿಸಿದರು. ಮುಟ್ಟಿದರೆ ಶಾಲೆಯ ವಯಸ್ಸಾಯಿತೆಂದು ಅರ್ಥ. ನನ್ನ ಕೈ ಹುಟ್ಟಿನಿಂದಲೇ ಉದ್ದ. ಹಾಗಾಗಿ ನಿಂತ ನಿಲುವಿನಲ್ಲಿ ಎರಡು ವರ್ಷ ದೊಡ್ಡವನಾಗಿ, ಉಳಿದ ಮಕ್ಕಳ ಜೊತೆ ಶಾಲೆಯ ದಾಖಲೆಯಲ್ಲಿ ಜೂನ್ ಒಂದರಂದು ಹುಟ್ಟಿದೆ. ಈಗ ನಮ್ಮ ಆಫೀಸಿನ ಏಳು ಜನರಲ್ಲಿ ಐವರು ಜೂನ್ ಒಂದರವರೇ. ಒಂದೇ ಕೇಕು ತಂದು ಐದು ಕೈ ಸೇರಿಸಿ ಕೊಯ್ಯುತ್ತೇವೆ. ಇದನ್ನೆಲ್ಲ ನಿಮಗೆ ನಗುತ್ತ ಹೇಳಬಹುದಿತ್ತು, ನನ್ನ ಕೆಲಸ ಬೇರೆಯಾಗಿದ್ದರೆ. ನಾನು ಜನನ ಪ್ರಮಾಣಪತ್ರದ ಟೇಬಲ್ಲಿನ ಗುಮಾಸ್ತ. ತಾರೀಖು ಸ್ವಲ್ಪ ಆಚೀಚೆ ಮಾಡಿಕೊಡಿ ಎಂದು ದಡ್ಡಿ ಎಂಬ ಹಳ್ಳಿಯಿಂದ ಬಸ್ಸು ಹಿಡಿದು ಬಂದ ಮುದುಕರಿಗೂ, "ಹುಟ್ಟೂದು ಒಂದ ಸಲರಿ, ತಾರೀಖ ಎಷ್ಟ ಸಲ ಬದಲಾಗತೈತಿ?" ಎಂದು ಎಲ್ಲರ ಎದುರಿಗೆ ಕೇಳಿ ಕಳಿಸಿದವನು.

ಮರುದಿನ ಬೈಕಿನ ಮೇಲೆ ಹೋಗುವಾಗ, ಕಾಕಾ ವಯಸ್ಸು ಕೇಳಿದರೆ ಒಂಬತ್ತು ಎನ್ನಬೇಕೆಂದು ಮಗಳಿಗೆ ಹೇಳಿಕೊಟ್ಟೆ. ಯಾಕೆ ಎಂದಳು. ಸುಮ್ಮನೆ ಎಂದೆ. ಕಾಕಾ ಒಂದು ಹಳೆಯ ವಹಿ ತೆರೆದು ಹೆಸರು ಬರೆದುಕೊಂಡು ವಯಸ್ಸು ಕೇಳಿದರು. ಒಂಬತ್ತು ಎಂದೆ. ಕಾಗದ ಬೇಕೇನು ಎಂದು ನಾನೇ ಧೈರ್ಯದಿಂದ ಕೇಳಿದೆ. ನನ್ನ ಕೆಲಸ ಅವರಿಗೆ ಗೊತ್ತಿತ್ತು.

"ನೀವ ಕಾಗದಾ ಕೊಡಾವ್ರು. ನಿಮ್ಮ ಮಾತಿನ ಮ್ಯಾಲ ಮತ್ಯಾವ ಕಾಗದಾರಿ?" ಎಂದರು.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಅವರು ಪ್ರೀತಿಯಿಂದ ಮಗಳ ಕಡೆ ತಿರುಗಿ, ಒಂಬತ್ತು ತುಂಬಿತೋ ಇನ್ನೂ ತುಂಬಬೇಕೋ ಎಂದು ವಿಚಾರಿಸಿದರು. ಅವಳು ದೂರದಲ್ಲಿ ದೊಡ್ಡವರ ಸಾಲಿನಲ್ಲಿ ನಿಂತ ಐಶ್ವರ್ಯಾಳನ್ನು ನೋಡಿದಳು, ನನ್ನನ್ನು ನೋಡಿದಳು.

"ಕಾಕಾ, ಖರೆ ಹೇಳ್ಲ್ಯೋ, ಅಪ್ಪಾ ಹೇಳಿಕೊಟ್ಟಿದ್ದು ಹೇಳ್ಲ್ಯೋ?"

ಕಾಕಾನ ಪೆನ್ನು ನಿಂತಿತು. ಅವರು ಬಯ್ಯಲಿಲ್ಲ, ನನ್ನ ಕಡೆ ನೋಡಲೂ ಇಲ್ಲ. "ಎರಡೂ ಹೇಳವ್ವಾ. ಯಾವದು ಹೆಚ್ಚೈತಿ ಅದನ್ನ ಬರ್ಕೊಂತೀನಿ," ಎಂದರು. ಇನ್ನೂ ನಾಲ್ಕು ಜನ ತಂದೆತಾಯಿಗಳು ಬಾಜೂ ನಿಂತಿದ್ದರು. ಬೈಕಿನ ಕೀಲಿ ಕೈಯಲ್ಲೇ ಇದ್ದರೂ ನಾನು ಅದಕ್ಕಾಗಿ ನಾಲ್ಕೂ ಜೇಬು ತಡಕಿದೆ.

ಸೃಷ್ಟಿ ದೊಡ್ಡವರ ಗುಂಪಿನಲ್ಲಿ ಓಡಿದಳು, ಕೊನೆಯವಳಾಗಿಯೇ ಬಂದಳು, ಐಶ್ವರ್ಯಾಳ ಹೆಗಲ ಮೇಲೆ ಕೈಹಾಕಿ ಬಿದ್ದು ಬಿದ್ದು ನಕ್ಕಳು. ಅವಳಿಗೆ ಬೇಕಾಗಿದ್ದದ್ದು ಅಷ್ಟೇ. ಅದನ್ನು ನಾನು ಕೇಳಿಯೇ ಇರಲಿಲ್ಲ. ಅಂದಿನಿಂದ ಅವಳ ಕಾಲು ಚುರುಕಾದಂತೆ ಪ್ರಶ್ನೆಗಳೂ ಚುರುಕಾದವು. ಐದು ನಿಮಿಷದಲ್ಲಿ ಬರುತ್ತೇನೆ ಎಂದರೆ, ಖರೆ ಐದೋ, ಸುಮ್ಮನೆ ಐದೋ ಎನ್ನುತ್ತಾಳೆ. ಸಿಟ್ಟಿನಿಂದಲ್ಲ, ತಿಳಿದುಕೊಳ್ಳಲೆಂದೇ ಕೇಳುತ್ತಾಳೆ. ಸಿಟ್ಟಾಗಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಕಳೆದ ಶನಿವಾರ ಕಾಕಾ ಹೊಸ ಪದ್ಧತಿ ತಂದರು. ಮಕ್ಕಳನ್ನು ಬಿಡಲು ಬಂದವರೂ ಓಡಬೇಕು. ನಲವತ್ತರ ಒಳಗಿನವರು ಪೂರ್ತಿ ಸುತ್ತು, ದಾಟಿದವರು ಅರ್ಧ. ವಹಿ ಹಿಡಿದು ನನ್ನ ಹತ್ತಿರ ಬಂದು ವಯಸ್ಸೆಷ್ಟು ಎಂದರು. ಕಾಗದದ ಪ್ರಕಾರ ನಲವತ್ತೊಂದು. ಮಾಸ್ತರರ ಎರಡು ವರ್ಷ ಕಳೆದರೆ ಮೂವತ್ತೊಂಬತ್ತು. ಆ ಎರಡೂ ಅಂದಾಜಿನವೇ. ಬೂಟಿನ ಲೇಸು ಕಟ್ಟುತ್ತಿದ್ದ ಮಗಳು ಕತ್ತೆತ್ತಿ ನನ್ನನ್ನೇ ನೋಡುತ್ತಿದ್ದಳು.

"ನನಗ ಗೊತ್ತಿಲ್ಲರಿ," ಎಂದೆ.

ಎಲ್ಲರೂ ನಕ್ಕರು. ಗೊತ್ತಿಲ್ಲದವರು ಪೂರ್ತಿ ಸುತ್ತು ಓಡಲಿ ಎಂದರು ಕಾಕಾ. ಓಡಿದೆ. ನನ್ನ ಹಿಂದೆ ಇದ್ದದ್ದು ಒಂದು ನಾಯಿ ಮಾತ್ರ, ಅದೂ ಬೇಸರವಾಗಿ ನಡುವೆಯೇ ಹೋಯಿತು. ಮನೆಗೆ ಬರುವಾಗ ಬೈಕಿನ ಹಿಂದಿನಿಂದ ಸೃಷ್ಟಿ, ನಿನ್ನ ವಯಸ್ಸು ನಿನಗೆ ಖರೆಯೇ ಗೊತ್ತಿಲ್ಲವೇ ಎಂದಳು. ಖರೆಯೇ ಗೊತ್ತಿಲ್ಲ ಎಂದೆ. ಬಹಳ ದಿನಗಳ ಮೇಲೆ ಪೂರ್ತಿ ಖರೆ ಹೇಳಿದ ಹೆಮ್ಮೆ ನನ್ನ ದನಿಯಲ್ಲಿತ್ತು. ಮನೆ ಮುಟ್ಟಿದ ಕೂಡಲೇ, ಅಪ್ಪ ಹುಟ್ಟಿದ್ದು ಯಾವಾಗ ಎಂದು ಕೇಳಲು ಒಳಗಿದ್ದ ನಮ್ಮವ್ವನ ಹತ್ತಿರ ಓಡಿದಳು. ಜೋಳದ ರಾಶಿ ನಡೆದಾಗ ಹುಟ್ಟಿದ್ದು, ವರ್ಷ ಯಾರು ಬರೆದಿಟ್ಟಿದ್ದಾರೆ ಎಂದು ಅವ್ವ ಹೇಳಿದ್ದು ಪಡಸಾಲೆಗೂ ಕೇಳಿಸಿತು.

ಸೃಷ್ಟಿ ಹೊರಗೆ ಬಂದು, "ಅಪ್ಪಾ, ನೀ ಹೇಳಿದ್ದು ಖರೆ ಐತಿ," ಎಂದಳು. ದಿನಾ ಪ್ರಮಾಣಪತ್ರ ಕೊಡುವ ನನಗೆ ಒಂದು ಪ್ರಮಾಣಪತ್ರ ಸಿಕ್ಕು ಇಷ್ಟು ಖುಷಿಯಾದದ್ದು ಅದೇ ಮೊದಲು. ಕೂತ ಕುರ್ಚಿಯಲ್ಲೇ ಸ್ವಲ್ಪ ಬೀಗಿದೆ. ಆಮೇಲೆ ಕಿವಿ ಬಿಸಿಯಾಗತೊಡಗಿದವು. ಮೂರು ತಿಂಗಳ ಹಿಂದೆ, ನಾನು ಹೇಳಿದ್ದನ್ನು ಅವಳು ಯಾರ ಹತ್ತಿರವೂ ಕೇಳಿ ನೋಡುತ್ತಿರಲಿಲ್ಲ.