ದರ್ಜಿಯ ಬಾಯಿಗೆ ಸಿಕ್ಕಿಕೊಂಡ ಪಿಟೀಲು

ಬೆಳಿಗ್ಗೆ ರೇಡಿಯೊದಲ್ಲಿ ಪಿಟೀಲೊಂದು ಮೆಲ್ಲಗೆ ಎದ್ದಾಗ, ಒಂದೇ ಸಮನೆ ಮಾತಾಡುತ್ತಿದ್ದ ಹೆಂಡತಿ ತಟ್ಟನೆ ಸುಮ್ಮನಾಗಿ ಕಣ್ಣು ಮುಚ್ಚಿ ಗೋಡೆಗೊರಗಿದಳು. ಇಷ್ಟು ವರ್ಷದ ಸಂಸಾರದಲ್ಲಿ ದರ್ಜಿ ಅವಳ ಮುಖದಲ್ಲಿ ಅಂಥ ತನ್ಮಯತೆ ಕಂಡಿರಲಿಲ್ಲ. ರಚಿಸಿದವರ ಹೆಸರು ಹೇಳುವಷ್ಟರಲ್ಲಿ ಕರೆಂಟು ಹೋಯಿತು.

ಸಂಜೆಯೊಳಗೆ ಅದನ್ನು ಹುಡುಕಿ ಅವಳಿಗೆ ಕೇಳಿಸಲೇಬೇಕು! ಮರೆಯದಿರಲೆಂದು ದಾರಿಯುದ್ದಕ್ಕೂ ಗುನುಗುತ್ತ ಅಂಗಡಿ ಸೇರಿದ. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಗುನುಗಿದ್ದನ್ನು ಕೇಳಿ, ಅಳತೆಗೆ ನಿಂತಿದ್ದ ಗುಮಾಸ್ತ ಹೌಹಾರಿದ.

"ಅಯ್ಯೋ, ಸೂಜಿ ನುಂಗ್ಬಿಟ್ರಾ?" ಎಂದು ಬೆನ್ನಿಗೆ ಗುದ್ದತೊಡಗಿದ.

ಗಲಾಟೆ ಕೇಳಿ ಪಕ್ಕದ ಅಂಗಡಿಯ ಕ್ಷೌರಿಕ ಓಡಿಬಂದ. ವಿಷಯ ತಿಳಿದ ಮೇಲೆ ಇಬ್ಬರೂ ತಮತಮಗೆ ತೋಚಿದಂತೆ ಗುನುಗಿ ನೋಡಿದರು. ಮಧ್ಯಾಹ್ನದ ಹೊತ್ತಿಗೆ ಮೂಲ ಯಾವುದೆಂದು ದರ್ಜಿಗೇ ಅನುಮಾನ. ಆ ಗುಂಗಿನಲ್ಲಿ ಗುಮಾಸ್ತನ ಪ್ಯಾಂಟಿನ ಒಂದು ಕಾಲನ್ನು ತುದಿಯಲ್ಲೂ ಹೊಲಿದು ಚೀಲ ಮಾಡಿಟ್ಟ.

ಕೋಟು ಒಯ್ಯಲು ಬಂದ ಪಿಟೀಲು ಟೀಚರು ಕಿವಿ ನಿಮಿರಿಸಿದರು. "ಇನ್ನೊಂದ್ಸಲ ಗುನುಗಿ. ಸೂಜಿ ತೆಗೆದು... ಹಾಂ, ಇದು ಹೋದ ವರ್ಷ ಒಬ್ಬ ಹೆಣ್ಮಗಳು ಬರೆದದ್ದು."

"ಹೋದ ವರ್ಷಾನಾ? ಶಾಸ್ತ್ರೀಯ ಅಂದ್ರೆ ಬರೆದೋರು ಸತ್ತಿರ್ಬೇಕಲ್ವಾ ಮೇಡಂ?"

"ನಿಮಗಿಂತ ಚಿಕ್ಕೋರು! ಇದು ಹಿಡಿಸಿದ್ರೆ ಇಂಥದ್ದೇ ಬರೆಯೋರು ಇನ್ನೂ ಇದ್ದಾರೆ. ಒಬ್ರು ಎರಡೇ ಸ್ವರದಲ್ಲಿ ಅರ್ಧ ಗಂಟೆ ಕೂರಿಸ್ತಾರೆ. ಇನ್ನೊಬ್ರಲ್ಲಿ ಮೌನಾನೇ ಜಾಸ್ತಿ." ಎಲ್ಲವನ್ನೂ ಅವನ ಫೋನಿಗೆ ತುಂಬಿಕೊಟ್ಟರು.

ಸಂಜೆ ಗಂಡ ಹೆಂಡತಿ ಪಕ್ಕಪಕ್ಕ ಕೂತು ಕೇಳಿದರು. ಎರಡು ಸ್ವರ ಹೋಗಿಬಂದು ಮಾಡುವಾಗ ದರ್ಜಿಗೆ ದವಡೆ ಕಳಚುವಂಥ ಆಕಳಿಕೆ, ಅವಳಿಗಾಗಿ ನುಂಗಿಕೊಂಡ. ಮೌನ ಬಂದಾಗ ಫೋನು ಕೆಟ್ಟಿತೇನೋ ಎಂದು ಅಲ್ಲಾಡಿಸಿ ನೋಡಿದ.

"ಬೆಳಿಗ್ಗೆ ಎಷ್ಟು ಮೈಮರೆತಿದ್ದೆ ಕಣೆ. ಅದಕ್ಕೇ ಹುಡುಕ್ದೆ."

ಅವಳು ಅವನ ಕೈ ಹಿಡಿದುಕೊಂಡಳು. "ಅದು ಹಲ್ಲುನೋವು ರೀ. ಈಗ ಸುಮ್ನೆ ಕೂತಿದ್ದು ನಿಮಗೆ ಇಷ್ಟ ಅಂತ."

"ಹಲ್ಲುನೋವು ಅಂತ ಬಾಯಿಬಿಟ್ಟು ಹೇಳ್ಬಾರ್ದಿತ್ತಾ?"

"ಬಾಯಿ ಬಿಡೋಕಾಗ್ಬೇಕಲ್ಲ!"

ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ದರ್ಜಿ ಫೋನು ಆರಿಸಲು ಕೈ ಚಾಚಿದಾಗ ಬಾಗಿಲು ಬಡಿದ ಸದ್ದಾಯಿತು.

ಹೊರಗೆ ಗುಮಾಸ್ತ, ಕ್ಷೌರಿಕ. ಇಬ್ಬರ ಕೈಯಲ್ಲೂ ಒಂದೊಂದು ಕುರ್ಚಿ.

"ನಾವು ಗುನುಗಿದ್ದು ಸರಿಯಿತ್ತಾ ನೋಡೋಣ ಅಂತ ಬಂದ್ವಿ. ಕಿಟಕಿ ಹತ್ರಾನೇ ನಿಂತ್ಬಿಟ್ವಿ. ಆಮೇಲೆ ಓಡಿಹೋಗಿ ಕುರ್ಚಿ ತಂದ್ವಿ," ಎಂದ ಕ್ಷೌರಿಕ ಕಣ್ಣೊರೆಸಿಕೊಂಡ. "ಅಮ್ಮ ಹೋದ್ಮೇಲೆ ಮನಸ್ಸು ಇಷ್ಟು ಹಗುರ ಆಗಿರ್ಲಿಲ್ಲ ಕಣಣ್ಣ. ನಿಲ್ಲಿಸ್ಬೇಡ."

ದರ್ಜಿ ಹೆಂಡತಿಯ ಮುಖ ನೋಡಿದ. ಅವಳು ದವಡೆ ಒತ್ತಿಕೊಂಡೇ ಕುರ್ಚಿಗಳಿಗೆ ಜಾಗ ಮಾಡಿಕೊಟ್ಟಳು.

"ಆ ಎರಡು ಸ್ವರದ್ದು ಮೊದಲಿಂದ ಹಾಕಿ," ಎಂದ ಗುಮಾಸ್ತ, ಆರಾಮಾಗಿ ಕಾಲು ಚಾಚುತ್ತ. "ಫೋನ್ ಮಾಡಿ ಹೇಳ್ದೆ, ನಾಳೆ ನಮ್ಮ ಆಫೀಸಿನವರೂ ಬರ್ತಾರಂತೆ."