ಲವ್‌ಡೇ ಎಂಬ ಹೆಸರೂ ಒಂದು ಹುರಿದ ಹೆಬ್ಬಾತೂ

ಹೆಡ್ಲಿ ನ್ಯಾಂಕ್ಯಾರೊ ತನ್ನ ಮಗಳಿಗೆ ಏನು ಹೆಸರಿಡುತ್ತಾನೆ ಎಂಬ ಗುಟ್ಟು ಕೇಕಿನ ದೆಸೆಯಿಂದ ರಟ್ಟಾಯಿತು. ದೀಕ್ಷಾಸ್ನಾನದ ಹಿಂದಿನ ಸಂಜೆ ಅವನ ಹೆಂಡತಿ ಟೆಗೆನ್, ಊರಿನ ಒಂದೇ ಒಂದು ದಿನಸಿ ಅಂಗಡಿ ನಡೆಸುವ ಅರ್ಸುಲಾ ಟ್ರೌನ್ಸನ್‌ಗೆ ಫೋನು ಮಾಡಿ, ಕೇಕಿನ ಮೇಲೆ ಗುಲಾಬಿ ಸಕ್ಕರೆಯಲ್ಲಿ ‘ಲವ್‌ಡೇ’ ಎಂದು ಬರೆಯಿರಿ ಎಂದಳು. ಆಗಲಿ ಎಂದು ಫೋನಿಟ್ಟ ಅರ್ಸುಲಾ ಕೇಕಿನ ಕಡೆ ತಿರುಗಿಯೂ ನೋಡಲಿಲ್ಲ. ಕೋಟು ಹಾಕಿಕೊಂಡು ನೇರವಾಗಿ ಮಾಂಸದಂಗಡಿಯ ಸಿರಿಲ್ ಬೊಲೈಥೊನ ಮನೆಗೆ ಹೋದಳು. ಅಲ್ಲಿಂದ ಇಬ್ಬರೂ ಸೇರಿ ಕ್ಲಾರೆನ್ಸ್ ರೋಸ್‌ವಾರ್ನರ ಮನೆಗೆ ಹೋದರು.

ಒಂದು ಕೂಸಿನ ಹೆಸರಿಗೆ ಇಷ್ಟು ಓಡಾಟವೇಕೆ ಎನ್ನುವಿರಿ. ಪೆನ್‌ಗಾರೊ ಊರಿನಲ್ಲಿ ಲವ್‌ಡೇ ಎಂದರೆ ಅದು ಊಟದ ಪ್ರಶ್ನೆ.

ಹಿಂದಿನ ಕಾಲದಲ್ಲಿ ಅಕ್ಕಪಕ್ಕದವರು ಬೇಲಿಗೋ ಹಸುವಿಗೋ ಹೊಡೆದಾಡಿಕೊಂಡರೆ, ಕೋರ್ಟಿನ ಮೆಟ್ಟಿಲು ಹತ್ತದೆ ಹತ್ತು ಜನರ ಮುಂದೆ ಕೂತು ರಾಜಿಯಾಗಲು ಒಂದು ದಿನ ಗೊತ್ತುಮಾಡುತ್ತಿದ್ದರು. ಒಲವಿನ ಆ ದಿನಕ್ಕೆ ಲವ್‌ಡೇ ಎಂದು ಹೆಸರು. ಅಂದು ಹುಟ್ಟಿದ ಕೂಸಿಗೂ ಅದೇ ಹೆಸರು. ಇಂಗ್ಲೆಂಡಿನ ಉಳಿದ ಕಡೆಯ ಜನ ರಾಜಿಯನ್ನೂ ಬಿಟ್ಟರು, ಹೆಸರನ್ನೂ ಬಿಟ್ಟರು. ಪೆನ್‌ಗಾರೊ ಇರುವ ಪಡುವಣ ತುದಿಯ ಕಾರ್ನ್‌ವಾಲಿನವರು ರಾಜಿಯನ್ನು ಬಿಟ್ಟು ಹೆಸರನ್ನು ಉಳಿಸಿಕೊಂಡರು. ಈಗ ಅದೂ ಅಪರೂಪ. ಸುತ್ತಲಿನ ಊರುಗಳಲ್ಲಿ ಹುಡುಕಿದರೆ ಒಬ್ಬಿಬ್ಬರು ಮುದುಕಿಯರು ಸಿಕ್ಕಾರು. ಪೆನ್‌ಗಾರೊದಲ್ಲಂತೂ ಎಪ್ಪತ್ತೆರಡು ವರ್ಷಗಳಿಂದ ಒಬ್ಬಳೂ ಇಲ್ಲ. ಇಲ್ಲದ ಹಾಗೆ ನೋಡಿಕೊಂಡವರು ಇದ್ದಾರೆ.

ಮುನ್ನೂರು ವರ್ಷಗಳ ಹಿಂದೆ ಈ ಊರಿನಲ್ಲಿ ಬೊಸವರ್ನ್ ಎಂಬ ಸಿರಿವಂತ ವಿಧವೆಯಿದ್ದಳು. ಲವ್‌ಡೇ ಎಂಬ ತನ್ನ ಒಬ್ಬಳೇ ಮಗಳನ್ನು ಕಳೆದುಕೊಂಡು ಒಂದು ಉಯಿಲು ಬರೆದಳು. ಪ್ರತಿವರ್ಷ ಊರಹಬ್ಬದ ಭಾನುವಾರ, ಮಧ್ಯಾಹ್ನ ಹನ್ನೆರಡಕ್ಕೆ, ಚರ್ಚಿನ ಬಾಗಿಲಲ್ಲಿ ನಿಂತು ಮಗಳ ಹೆಸರನ್ನು ಮೂರು ಸಲ ಕೂಗಬೇಕು. ಈ ಚರ್ಚಿನಲ್ಲಿ ದೀಕ್ಷಾಸ್ನಾನವಾಗಿ ಆ ಹೆಸರು ಪಡೆದವರು ಯಾರಾದರೂ ಓಗೊಟ್ಟರೆ ಒಂದು ಇಡೀ ಹುರಿದ ಹೆಬ್ಬಾತು, ಕೇಸರಿ ಹಾಕಿದ ಕೇಕು, ಒಂದು ಪೀಪಾಯಿ ಸೇಬಿನ ಮದ್ಯ ಅವರದು. ಯಾರೂ ಓಗೊಡದಿದ್ದರೆ ಅನ್ನ ಹಾಳಾಗಬಾರದು, ಈ ಉಯಿಲನ್ನು ನಡೆಸುವ ಟ್ರಸ್ಟಿಗಳೇ ತಿನ್ನತಕ್ಕದ್ದು. ಆ ಕೊನೆಯ ಸಾಲನ್ನು ಟ್ರಸ್ಟಿಗಳು ದೇವರ ಆಜ್ಞೆಗಿಂತ ಒಂದು ತೂಕ ಹೆಚ್ಚಾಗಿಯೇ ಪಾಲಿಸಿಕೊಂಡು ಬಂದಿದ್ದಾರೆ. ಊರಿನ ಯಾವ ಬಸುರಿಯ ಬಾಯಲ್ಲಿ ಆ ಹೆಸರು ಬಂದರೂ ಸಂಜೆಯೊಳಗೆ ಒಬ್ಬ ಟ್ರಸ್ಟಿ ಕೂಸಿಗೆಂದು ಉಣ್ಣೆಯ ಹೊದಿಕೆ ಹಿಡಿದುಕೊಂಡು, ಬೇರೆ ನಾಲ್ಕು ಹೆಸರು ಬಾಯಿಪಾಠ ಮಾಡಿಕೊಂಡು ಬಾಗಿಲಲ್ಲಿ ಹಾಜರು.

ಈಗ ಅರ್ಸುಲಾ, ಸಿರಿಲ್, ರೋಸ್‌ವಾರ್ನ್ ಮೂವರು ಟ್ರಸ್ಟಿಗಳು, ಹೆಡ್ಲಿ ನಾಲ್ಕನೆಯವನು, ಎಲ್ಲರಿಗಿಂತ ಹೊಸಬ. ರೋಸ್‌ವಾರ್ನರ ದನದ ಮೇವಿನ ಅಂಗಡಿಯಲ್ಲಿ ಮೂಟೆ ತೂಗುವುದು ಅವನ ಕೆಲಸ. ಅವನ ಅಪ್ಪ ಮೂವತ್ತೆರಡು ವರ್ಷ ಟ್ರಸ್ಟಿಯಾಗಿದ್ದ. ಹಬ್ಬದ ಸಂಜೆ ಅಪ್ಪ ಮನೆಗೆ ಬಂದಾಗ ಅವನ ಕೋಟಿನಿಂದ ಬರುತ್ತಿದ್ದ ಹೆಬ್ಬಾತಿನ ಕೊಬ್ಬಿನ ವಾಸನೆಯನ್ನು ಕುಡಿದೇ ಹೆಡ್ಲಿ ಬೆಳೆದ. ಅಪ್ಪ ಸತ್ತಮೇಲೆ ಒಂಬತ್ತು ವರ್ಷ ಕಾದ. ಹೋದ ತಿಂಗಳು ಒಂದು ಜಾಗ ಖಾಲಿಯಾಗಿ ಯಜಮಾನರು ಅವನನ್ನು ಕರೆದರು. ಈ ಭಾನುವಾರ ಅವನ ಮೊದಲ ಊಟ.

ಅದೇ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಮಗಳ ದೀಕ್ಷಾಸ್ನಾನ. ಐದು ವಾರಗಳ ಹಿಂದೆ ಆಸ್ಪತ್ರೆಯಲ್ಲಿ ಟೆಗೆನ್ ಕೂಸನ್ನು ಎದೆಗೊತ್ತಿಕೊಂಡು, ನನ್ನನ್ನು ಸಾಕಿದ ಅಜ್ಜಿಯ ಹೆಸರಿಡೋಣ ಎಂದಿದ್ದಳು. ಆ ಅಜ್ಜಿ ಬೇರೆ ಊರಿನ ಚರ್ಚಿನವಳು, ಅವಳಿಂದ ಪೆನ್‌ಗಾರೊದ ಹೆಬ್ಬಾತಿಗೆ ಯಾವ ತೊಂದರೆಯೂ ಇರಲಿಲ್ಲ. ಹೆಡ್ಲಿ ಕಣ್ಣೊರೆಸಿಕೊಳ್ಳುತ್ತ ಹೂಂ ಎಂದುಬಿಟ್ಟಿದ್ದ. ಆಮೇಲೆ ಟ್ರಸ್ಟಿಗಳಿಗೆ ಹೆಸರಿನ ವಿಷಯ ಹೇಳಲಿಲ್ಲ, ಹೋದ ವರ್ಷದ ಹಬ್ಬ ಮುಗಿದ ಮೇಲೆ ಮದುವೆಯಾಗಿ ಈ ಊರಿಗೆ ಬಂದ ಹೆಂಡತಿಗೆ ಊಟದ ವಿಷಯ ಹೇಳಲಿಲ್ಲ. ತಾನಾಗಿಯೇ ಸರಿಹೋಗುತ್ತದೆ ಎಂದು ಸುಮ್ಮನಿದ್ದ. ಮನೆಯ ಸೋರುವ ಮಾಡಿನ ವಿಷಯದಲ್ಲೂ ಅವನ ನಿಲುವು ಅದೇ ಆಗಿತ್ತು.

ಬೆಳಿಗ್ಗೆ ಎಂಟಕ್ಕೆ ಹಿತ್ತಲ ಬಾಗಿಲಲ್ಲಿ ಅರ್ಸುಲಾ ನಿಂತಿದ್ದಳು. ಕೈಯಲ್ಲಿ ಹೊದಿಕೆ. ಟೆಗೆನ್ ಮಹಡಿಯ ಮೇಲೆ ಕೂಸಿಗೆ ಸ್ನಾನ ಮಾಡಿಸುತ್ತಿದ್ದಾಳೆ ಎಂದು ಖಾತ್ರಿಯಾದ ಮೇಲೆ ಅವಳು ದನಿ ತಗ್ಗಿಸಿದಳು.

“ನೋಡು ಹೆಡ್ಲಿ, ಹೆಸರಿಡೋವಾಗ ಅರ್ಥ ನೋಡ್ಬೇಕಪ್ಪ. ಮೊದ್ಲು ಜಗಳ ಇದ್ದಿದ್ದಕ್ಕೇ ತಾನೆ ಆಮೇಲೆ ರಾಜಿ ಅಂತ ಬಂದಿದ್ದು? ಜಗಳದ ಹೆಸರು ಅದು. ಎಳೇ ಕೂಸಿನ ತಲೆ ಮೇಲೆ ಯಾಕೆ ಹೇರ್ತೀಯ? ಅರ್ಸುಲಾ ಅಂತಿಡು. ಅರ್ಸುಲಾ ಅಂದ್ರೆ ಪುಟ್ಟ ಕರಡಿ. ಎಷ್ಟು ಮುದ್ದಾಗಿದೆ.”

ಹೆಡ್ಲಿ ಅವಳ ಮುಖವನ್ನು ನೋಡಿ, ಅರ್ಥ ಸರಿಯಾಗಿಯೇ ಇದೆ ಎಂದುಕೊಂಡು, ಆಗಲಿ ಎಂದ. ಅವಳು ಹೋದ ಹತ್ತು ನಿಮಿಷಕ್ಕೆ ಸಿರಿಲ್ ಬಂದ. ಅವನು ಅರ್ಥದ ಗೊಡವೆಗೆ ಹೋಗಲಿಲ್ಲ. ಈ ವರ್ಷದ ಹೆಬ್ಬಾತು ಹದಿಮೂರು ಪೌಂಡು ತೂಗಿದ್ದನ್ನೂ ಅದರ ತೊಡೆ ಎಷ್ಟು ದಪ್ಪ ಎಂಬುದನ್ನೂ ಕೈಯಲ್ಲಿ ಅಳತೆ ಮಾಡಿ ತೋರಿಸಿದ. ಹಿಂದೆ ಹಾಕಿಂಗ್ ಮನೆಯವರು ಇದೇ ಹಟ ಹಿಡಿದಾಗ ತನ್ನ ಅಪ್ಪ ಅರ್ಧ ಹಂದಿ ಕೊಟ್ಟು, ಹುಡುಗಿಗೆ ಬ್ರೆಂಡಾ ಎಂದು ಇಡಿಸಿದ್ದನ್ನು ಹೇಳಿದ. ಹೊರಡುವಾಗ ಹೆಡ್ಲಿಯ ತೋಳು ಹಿಡಿದುಕೊಂಡ. “ಒಂದ್ಸಲ ಆ ಕೂಸು ಓಗೊಡ್ತು ಅಂದ್ರೆ, ಇನ್ನು ಎಂಬತ್ತು ವರ್ಷ ನಮಗೆ ಎಲುಬೂ ಸಿಗಲ್ಲ ಮಾರಾಯ. ನಮ್ಮಮ್ಮನ ಹೆಸರು ಮೇಬಲ್. ಯೋಚ್ನೆ ಮಾಡು.” ಹೆಡ್ಲಿ ಅವನಿಗೂ ಆಗಲಿ ಎಂದ.

ಕೊನೆಗೆ ಯಜಮಾನರ ಜೀಪು ಬಂದು ಗೇಟಿನ ಹತ್ತಿರ ನಿಂತಿತು. ರೋಸ್‌ವಾರ್ನ್ ಇಳಿಯಲಿಲ್ಲ, ಗಾಜು ಮಾತ್ರ ಇಳಿಸಿದರು. ದೀಕ್ಷಾಸ್ನಾನದಲ್ಲಿ ಕೂಸಿನ ಹೆಸರು ಹೇಳುವ ಧರ್ಮಪಿತರಾಗಲು ಅವರನ್ನು ಕೇಳಿಕೊಂಡವನು ಹೆಡ್ಲಿಯೇ, ಓಲೈಸುವುದಕ್ಕೆ.

“ಮನೇಲಿ ಏನು ಬೇಕಾದ್ರೂ ಕರ್ಕೊ, ಯಾರು ಕೇಳ್ತಾರೆ? ಆ ಹೆಸರಿನ ಮೇಲೆ ನೀರು ಬೀಳ್ಬಾರ್ದು, ಅಷ್ಟೇ,” ಎಂದರು. “ಗ್ಲಾಡಿಸ್ ಅಂತ ನಾನು ಹೇಳ್ತೀನಿ. ನೀನು ತಲೆ ಆಡ್ಸು. ನಿಮ್ಮಪ್ಪ ಇದ್ದಿದ್ರೆ ಇಷ್ಟು ಹೇಳಿಸ್ಕೊತಾನೇ ಇರ್ಲಿಲ್ಲ.”

“ಆಗ್ಲಿ ಸರ್,” ಎಂದ ಹೆಡ್ಲಿ.

ಹೀಗೆ ಒಂಬತ್ತು ಗಂಟೆಯ ಹೊತ್ತಿಗೆ ಅವನು ಒಂದೇ ಕೂಸಿಗೆ ನಾಲ್ಕು ಜನರ ಹತ್ತಿರ ನಾಲ್ಕು ಹೆಸರು ಒಪ್ಪಿಕೊಂಡಿದ್ದ. ಚರ್ಚಿಗೆ ನಡೆಯುವ ದಾರಿಯಲ್ಲಿ ಟೆಗೆನ್‌ಗೆ ಹೇಳಿಬಿಡಬೇಕೆಂದು ಮೂರು ಸಲ ಬಾಯಿ ತೆರೆದ. ಮೊದಲ ಸಲ ಮೋಡದ ವಿಷಯ ಬಂತು, ಎರಡನೆಯ ಸಲ ಕೆಮ್ಮು ಬಂತು. ಮೂರನೆಯ ಸಲ ಧೈರ್ಯ ಮಾಡಿ, ಗ್ಲಾಡಿಸ್ ಅನ್ನೋ ಹೆಸರು ಹೇಗಿದೆ ಎಂದು ಕೇಳಿದ. ಯಾರ ಹಸುವಿಗೆ ಎಂದು ಟೆಗೆನ್ ಕೇಳಿದಳು. ಹಿಂದೆ ಅವನ ತಾಯಿ ಬ್ಯೂಲಾ ಕೋಲೂರಿಕೊಂಡು ಬರುತ್ತಿದ್ದಳು. ಅವಳಿಗೆ ಎಪ್ಪತ್ನಾಲ್ಕು ವರ್ಷ, ಕಿವಿ ಮಾತ್ರ ಇಪ್ಪತ್ತರದು.

ದೀಕ್ಷಾಸ್ನಾನದ ಕಲ್ಲಿನ ತೊಟ್ಟಿಯ ಸುತ್ತ ಎಲ್ಲರೂ ನಿಂತರು. ಪಾದ್ರಿ ಹಿಲರಿಯಮ್ಮ ಈ ಊರಿಗೆ ಬಂದು ಇನ್ನೂ ವರ್ಷವಾಗಿರಲಿಲ್ಲ. ಕೂಸನ್ನು ತೋಳಿಗೆ ತೆಗೆದುಕೊಂಡು, ಹೆಸರು ಹೇಳಿ ಎಂದರು.

“ಗ್ಲಾಡಿಸ್,” ಎಂದರು ರೋಸ್‌ವಾರ್ನ್, ಹರಾಜು ಕೂಗುವ ಗಂಟಲಿನಲ್ಲಿ. ಅದರ ಬೆನ್ನಿಗೇ ಅರ್ಸುಲಾ ತನ್ನ ಹೆಸರನ್ನೂ, ಎರಡನೆಯ ಸಾಲಿನಿಂದ ಸಿರಿಲ್ ತನ್ನ ಅಮ್ಮನ ಹೆಸರನ್ನೂ ಹೇಳಿದರು. ಟೆಗೆನ್ ಎಲ್ಲರ ಮುಖವನ್ನೂ ಒಮ್ಮೆ ನೋಡಿ, ನಿಧಾನವಾಗಿ, “ಲವ್‌ಡೇ,” ಎಂದಳು.

ಪಾದ್ರಿಯಮ್ಮ ಇಕ್ಕಟ್ಟಿಗೆ ಸಿಕ್ಕಿ ತಂದೆಯ ಕಡೆ ತಿರುಗಿದರು. ಚರ್ಚಿನಲ್ಲಿದ್ದವರಿಗೆಲ್ಲ ಹೆಡ್ಲಿಯ ಮೇಲೆಯೇ ಕಣ್ಣು. ಟೆಗೆನ್ ಅವನನ್ನು ನೋಡುತ್ತಿದ್ದಳು, ಆಸ್ಪತ್ರೆಯಲ್ಲಿ ನೋಡಿದ ಹಾಗೆಯೇ, ನಂಬಿಕೆಯಿಂದ. ಅವನಿಗೆ ಲವ್‌ಡೇ ಎಂದು ಹೇಳುವ ಮನಸ್ಸು ನಿಜವಾಗಿಯೂ ಇತ್ತು. ಆದರೆ ಅದೇ ಗಳಿಗೆಗೆ ರಸ್ತೆಯಾಚೆಯ ಪಬ್ಬಿನ ಅಡುಗೆಮನೆಯಿಂದ ಹೆಬ್ಬಾತು ಹುರಿಯುವ ವಾಸನೆ ಚರ್ಚಿನೊಳಗೆ ಬಂತು.

“ಗ್ಲಾಡಿಸ್,” ಎಂದ ಹೆಡ್ಲಿ.

ಟೆಗೆನ್ ಕೂಗಾಡಲಿಲ್ಲ. “ಹಾಗೇ ಮಾಡಿ ಪಾದ್ರಿಯಮ್ಮ, ಅವ್ರು ಹೇಳಿದ್ದೇ ಇರ್ಲಿ,” ಎಂದಳು. ನೀರು ಬಿತ್ತು. ಗ್ಲಾಡಿಸ್ ಆದ ಕೂಸು ಕಿಟಾರನೆ ಕಿರುಚಿತು. ಮುಂದಿನ ಒಂದು ಗಂಟೆ ಟೆಗೆನ್ ಅವನ ಪಕ್ಕ ಕೂರಲಿಲ್ಲ. ಅತ್ತೆಯ ಪಕ್ಕ ಕೂತಳು. ಇಬ್ಬರೂ ತಲೆಗೆ ತಲೆ ಕೊಟ್ಟು ಏನೋ ಮಾತಾಡಿದರು. ಆಮೇಲೆ ಬ್ಯೂಲಾ ಎದ್ದು, ಪಾದ್ರಿಯಮ್ಮನ ಹತ್ತಿರ ಹಳೆಯ ದಾಖಲೆಗಳ ಪೆಟ್ಟಿಗೆಯ ಬೀಗದ ಕೈ ಕೇಳಿದಳು. ಹೆಡ್ಲಿ ಅದನ್ನು ನೋಡಿದ, ಆದರೆ ಅವನ ಎದೆಯಲ್ಲಿ ನಾಚಿಕೆ, ಹೊಟ್ಟೆಯಲ್ಲಿ ಹಸಿವು, ತಲೆಯಲ್ಲಿ ಇನ್ನೊಂದಕ್ಕೆ ಜಾಗವಿರಲಿಲ್ಲ.

ಹನ್ನೆರಡು ಹೊಡೆಯಿತು. ಕೂಗುವ ಕೆಲಸ ಕಿರಿಯ ಟ್ರಸ್ಟಿಯದು. ಊರೆಲ್ಲ ಚರ್ಚಿನ ಮುಂದೆ ಸೇರಿತ್ತು. ಉಯಿಲಿನ ಪ್ರಕಾರ ಹೆಬ್ಬಾತನ್ನು ಹೊತ್ತು ತಂದು ಬಾಗಿಲ ಪಕ್ಕದ ಕಲ್ಲುಬೆಂಚಿನ ಮುಂದೆ ಮೇಜಿನ ಮೇಲಿಟ್ಟು ಬಿಳಿ ಬಟ್ಟೆ ಹೊದಿಸಿದ್ದರು. ಎರಡು ಗಂಟೆಯ ಹಿಂದೆ ಮಗಳಿಗೆ ಬೇಡವೆಂದ ಹೆಸರನ್ನು ಈಗ ಗಂಟಲು ಬಿರಿಯುವಂತೆ ಕೂಗುವುದು ಹೆಡ್ಲಿಗೆ ಸುಲಭವಾಗಲಿಲ್ಲ.

“ಲವ್‌ಡೇ,” ಎಂದು ಕೂಗಿದ. ಕಾಗೆಗಳು ಹಾರಿದವು. ಇನ್ನೊಮ್ಮೆ ಕೂಗಿದ. ಸಿರಿಲ್ ಆಗಲೇ ಕತ್ತಿ ಮಸೆಯತೊಡಗಿದ್ದ. ಮೂರನೆಯ ಸಲ ಕೂಗಿದ.

“ಇಲ್ಲೇ ಇದಾನೆ,” ಎಂದಳು ಬ್ಯೂಲಾ.

ಜನ ತಿರುಗಿ ನೋಡಿದರು. ಮುದುಕಿ ಕೋಲನ್ನೆತ್ತಿ ತೋರಿಸುತ್ತಿದ್ದದ್ದು ಮಗನನ್ನೇ. ಅವಳ ಪಕ್ಕದಲ್ಲಿ ಪಾದ್ರಿಯಮ್ಮ ನಲವತ್ತೊಂದು ವರ್ಷದ ಹಿಂದಿನ ದಾಖಲೆ ಪುಸ್ತಕ ತೆರೆದು ಹಿಡಿದಿದ್ದರು. ಅದರಲ್ಲಿ ಬರೆದದ್ದನ್ನು ಗಟ್ಟಿಯಾಗಿ ಓದಿದರು: ಹೆಡ್ಲಿ ಲವ್‌ಡೇ ನ್ಯಾಂಕ್ಯಾರೊ.

“ಅದು ಹೆಣ್ಮಕ್ಕಳ ಹೆಸರು,” ಎಂದರು ರೋಸ್‌ವಾರ್ನ್.

ಹಳೆಯ ಕಾಲದಲ್ಲಿ ಗಂಡುಮಕ್ಕಳಿಗೂ ಇಡುತ್ತಿದ್ದರು, ಉಯಿಲಿನಲ್ಲಿಯೂ ಹೆಣ್ಣು ಗಂಡು ಎಂದೇನೂ ಬರೆದಿಲ್ಲ ಎಂದು ಪಾದ್ರಿಯಮ್ಮ ಹೇಳಿದರು. ಉಳಿದದ್ದನ್ನು ಬ್ಯೂಲಾ ಹೇಳಿದಳು. ಹೆಡ್ಲಿಯ ದೀಕ್ಷಾಸ್ನಾನದ ದಿನ ಯಾರ ಹೆಸರಿಡಬೇಕೆಂದು ಇಬ್ಬರು ತಾತಂದಿರೂ ತೊಟ್ಟಿಯ ಹತ್ತಿರವೇ ಕಾಲರ್ ಹಿಡಿದುಕೊಂಡರು. ಅಂದಿನ ಪಾದ್ರಿ ರಾಜಿಗಾಗಿ ಹೆಡ್ಲಿ ಎಂಬುದರ ಬೆನ್ನಿಗೆ ಲವ್‌ಡೇ ಎಂದು ಸೇರಿಸಿ ನೀರು ಹಾಕಿದರು. ಸರ್ಕಾರದ ಪತ್ರದಲ್ಲಿ ಮಾತ್ರ ಬರೀ ಹೆಡ್ಲಿ ಎಂದಾಯಿತು. ಅದೇ ವರ್ಷ ಅವಳ ಗಂಡನಿಗೆ ಟ್ರಸ್ಟಿಯ ಜಾಗ ಸಿಕ್ಕಿತ್ತು.

“ಬಾಯಿ ಬಿಡ್ಬೇಡ ಅಂತ ಆಣೆ ಹಾಕಿಸ್ಕೊಂಡ್ರು. ಪಾದ್ರಿಗೂ ಊಟಕ್ಕೆ ಕರೆದ್ರು, ಅವ್ರೂ ಸುಮ್ಮನಾದ್ರು,” ಎಂದಳು ಬ್ಯೂಲಾ. “ಮೂವತ್ತೆರಡು ವರ್ಷ ಮೀಸೆಗೆ ಕೊಬ್ಬು ಮೆತ್ಕೊಂಡು ಮನೆಗೆ ಬರೋರು. ನಾನು ಅಡುಗೆಮನೇಲಿ ತಣ್ಣಗಿರೋ ಆಲೂಗಡ್ಡೆ ತಿಂತಿದ್ದೆ. ಹಾಗೇ ಸಾಯೋಣ ಅಂತಿದ್ದೆ. ಇವತ್ತು ನನ್ನ ಮಗನೂ ಹೆಂಡ್ತಿಗೆ ಕೊಟ್ಟ ಮಾತು ನುಂಗಿದ್ದು ನೋಡಿ ತಡ್ಕೊಳಕ್ಕಾಗ್ಲಿಲ್ಲ.”

ಹೆಡ್ಲಿಗೆ ಲೆಕ್ಕ ಹೊಳೆಯಿತು. ಇಡೀ ಹೆಬ್ಬಾತು ಅವನೊಬ್ಬನದೇ, ಅದೂ ಬದುಕಿರುವವರೆಗೆ. ಯಜಮಾನರ ಪೆಚ್ಚುಮೋರೆ ನೋಡಿ ಅವನಿಗೆ ಬಂದ ನಗು ಕಿವಿಯವರೆಗೂ ಹೋಯಿತು. ಹೆಂಡತಿಗೆ ಒಂದು ತೊಡೆ, ಅಮ್ಮನಿಗೆ ಒಂದು ತೊಡೆ ಕೊಟ್ಟರೆ ಎಲ್ಲ ಸರಿಹೋದೀತು ಎಂದುಕೊಂಡು, ಇದೀನಿ ಎಂದು ಓಗೊಟ್ಟು, ಬಿಳಿ ಬಟ್ಟೆಗೆ ಕೈ ಹಾಕಿದ.

“ಸ್ವಲ್ಪ ತಾಳಿ,” ಎಂದರು ಪಾದ್ರಿಯಮ್ಮ. ಪೆಟ್ಟಿಗೆಯಲ್ಲಿ ಉಯಿಲೂ ಸಿಕ್ಕಿತ್ತು, ಅವರು ಅದರ ಹಿಂಬದಿಯನ್ನು ತಿರುಗಿಸುತ್ತಿದ್ದರು. ಹಿಂಬದಿಯನ್ನು ಈವರೆಗೆ ಯಾವ ಟ್ರಸ್ಟಿಯೂ ಓದಿರಲಿಲ್ಲ. ತಿನ್ನುವ ವಿಷಯ ಮುಂಬದಿಯಲ್ಲೇ ಮುಗಿಯುತ್ತಿತ್ತು.

ಅಲ್ಲಿ ಹೀಗೆ ಬರೆದಿತ್ತು. ಓಗೊಟ್ಟವರು ನನ್ನ ಮಗಳ ಹೆಸರಿಗೆ ತಕ್ಕಂತೆ ಹೊತ್ತು ಮುಳುಗುವವರೆಗೆ ಕಲ್ಲುಬೆಂಚಿನ ಮೇಲೆ ಕೂತು ಊರವರ ಜಗಳಗಳನ್ನು ಒಂದೊಂದಾಗಿ ಕೇಳಿ ರಾಜಿ ಮಾಡಿಸತಕ್ಕದ್ದು. ಯಾರನ್ನೂ ಅವಸರ ಮಾಡಕೂಡದು. ಕೊನೆಯ ಜಗಳದವರು ಕೈಕುಲುಕುವ ತನಕ ಊಟ ಮುಟ್ಟಕೂಡದು. ಅಷ್ಟರೊಳಗೆ ಹೊತ್ತು ಮುಳುಗಿದರೆ ಅನ್ನ ಹಾಳಾಗಬಾರದು, ಟ್ರಸ್ಟಿಗಳೇ ತಿನ್ನತಕ್ಕದ್ದು. ಬದುಕಿರುವ ತನಕ ಪ್ರತಿವರ್ಷವೂ ಹೀಗೆಯೇ. ಓಗೊಟ್ಟವರು ಟ್ರಸ್ಟಿಯಾಗಿರಕೂಡದು.

ರೋಸ್‌ವಾರ್ನರ ಮುಖಕ್ಕೆ ರಕ್ತ ಮರಳಿ ಬಂತು. ಸಿರಿಲ್ ಮತ್ತೆ ಕತ್ತಿ ಮಸೆಯತೊಡಗಿದ. ನಾಲ್ಕೂವರೆಗೆ ಹೊತ್ತು ಮುಳುಗುತ್ತದೆ ಎಂದು ಅರ್ಸುಲಾ, ಯಾರೂ ಕೇಳದಿದ್ದರೂ, ಎಲ್ಲರಿಗೂ ತಿಳಿಸಿದಳು. ಅಷ್ಟರಲ್ಲಿ ಬೆಂಚಿನ ಮುಂದೆ ಸಾಲು ಬೆಳೆಯುತ್ತಿತ್ತು. ಬೇಲಿ ಸರಿಸಿದವರು, ಏಣಿ ತಗೊಂಡು ಕೊಡದವರು, ಇಪ್ಪತ್ತು ವರ್ಷದ ಹಿಂದೆ ಮದುವೆಗೆ ಕರೆಯದವರು, ಎಲ್ಲರೂ ಬಂದರು. ಹೆಡ್ಲಿ ಅಂಗಿಯ ತೋಳು ಮಡಿಸಿದ. ಒಬ್ಬೊಬ್ಬರಿಗೆ ಐದು ನಿಮಿಷವಾದರೆ ಮುಗಿಸಬಹುದು ಎಂದು ಧೈರ್ಯ ತಂದುಕೊಂಡು, ಮೊದಲಿನವರು ಬನ್ನಿ ಎಂದ.

ಸಾಲಿನ ಮೊದಲಿಗೆ ಟೆಗೆನ್ ನಿಂತಿದ್ದಳು. ಅವಳು ಬಂದು ಅವನ ಎದುರಿಗೆ ಕೂತಳು. ಕೂಸನ್ನು ಮಡಿಲಲ್ಲಿ ಸರಿಮಾಡಿಕೊಂಡಳು, ಶಾಲು ಹೊದ್ದಳು, ಹಾಲು ಕುಡಿಸಲು ಶುರುಮಾಡಿದಳು. ಅರ್ಧ ಗಂಟೆ ಕಳೆಯಿತು.

“ಹೇಳು ಟೆಗೆನ್,” ಎಂದ ಹೆಡ್ಲಿ, ಹೆಬ್ಬಾತಿನ ಕಡೆ ಒಮ್ಮೆ, ಸೂರ್ಯನ ಕಡೆ ಒಮ್ಮೆ ನೋಡುತ್ತ.

“ಅವಸರ ಮಾಡೋ ಹಾಗಿಲ್ಲ,” ಎಂದಳು ಅವಳು. “ನನ್ನ ಜಗಳ ನನ್ನ ಗಂಡನ ಮೇಲೆ. ಅವ್ರು ನನಗೆ ಮೊದಲನೇ ಸಲ ಸಿಕ್ಕಿದ ದಿನದಿಂದ ಹೇಳ್ತೀನಿ.”

ಅವಳು ಹೇಳಿದಳು. ಒಂದನ್ನೂ ಬಿಡಲಿಲ್ಲ. ಸೋರುವ ಮಾಡಿನ ಹೊತ್ತಿಗೆ ಮೂರು ಗಂಟೆಯಾಯಿತು. ಹೆಡ್ಲಿ ಎಲ್ಲದಕ್ಕೂ ತಪ್ಪಾಯಿತು ಎಂದ, ನಿಜವಾಗಿಯೇ ತಪ್ಪಾಯಿತೆಂದು ಅನ್ನಿಸಿಯೇ ಹೇಳಿದ. ಕೈಯನ್ನೂ ಚಾಚಿದ. ಆ ಕೈ ಗಾಳಿಯಲ್ಲೇ ಉಳಿಯಿತು. ಅವಳು ಆಸ್ಪತ್ರೆಯ ದಿನಕ್ಕೆ ಬರುವ ಹೊತ್ತಿಗೆ ಗುಡ್ಡದ ಹಿಂದೆ ಹೊತ್ತು ಮುಳುಗಿತು. ಮೂವರು ಟ್ರಸ್ಟಿಗಳೂ ಟೋಪಿ ತೆಗೆದು ದಿವಂಗತ ಬೊಸವರ್ನ್ ಅಮ್ಮನಿಗೆ ವಂದಿಸಿ, ಹೆಬ್ಬಾತನ್ನು ಎತ್ತಿಕೊಂಡು ಪಬ್ಬಿಗೆ ನಡೆದರು.

ಟೆಗೆನ್ ಎದ್ದಳು. “ನಾಳೆ ನಾನೊಬ್ಳೇ ಪೇಟೆಗೆ ಹೋಗಿ ಸರ್ಕಾರಿ ಪುಸ್ತಕದಲ್ಲಿ ಮಗಳ ಹೆಸರು ಬರೆಸ್ತೀನಿ. ಏನು ಬರೆಸ್ತೀನಿ ಅಂತ ನಿಮಗೆ ಗೊತ್ತು. ನೀವು ಮನೇಲಿ ಮಾಡು ರಿಪೇರಿ ಮಾಡಿ,” ಎಂದಳು.

“ಮತ್ತೆ ನಮ್ಮ ರಾಜಿ?” ಎಂದು ಕೇಳಿದ ಹೆಡ್ಲಿ ಲವ್‌ಡೇ ನ್ಯಾಂಕ್ಯಾರೊ.

“ಆಸ್ಪತ್ರೆವರೆಗೂ ಬಂದಿದೀವಿ,” ಎಂದಳು ಟೆಗೆನ್. “ಬರೋ ವರ್ಷ ಇದೇ ಬೆಂಚಿನ ಮೇಲೆ ಅಲ್ಲಿಂದ ಮುಂದುವರಿಸೋಣ.”