ದಡ್ಡಿ ಫೋಲ್ಡರಿನ ಡಿಸ್ಕ್

ಹುಕ್ಕೇರಿಯ ನಕ್ಷಾ ಸಂರಕ್ಷಣಾ ಉಪಕೋಶದಲ್ಲಿ ಒಟ್ಟು ಎರಡು ಕಂಪ್ಯೂಟರುಗಳಿವೆ. ಎರಡನೆಯದು ಮೊದಲನೆಯದರ ಒಳಗಿದೆ. ಹಳೆಯ ನಕ್ಷೆಗಳನ್ನು ತೆರೆಯುವ ತಂತ್ರಾಂಶ ಈಗಿನ ಯಂತ್ರಗಳಲ್ಲಿ ನಡೆಯದ ಕಾರಣ ಈ ವರ್ಚುವಲ್ ಕಂಪ್ಯೂಟರನ್ನು ಸೃಷ್ಟಿಸಲಾಗಿದೆ. ಅದು ಬರೀ ಫೋಲ್ಡರ್ ಕೊಟ್ಟರೆ ಒಪ್ಪುವುದಿಲ್ಲ. ಫೋಲ್ಡರನ್ನು ಡಿಸ್ಕಿನ ವೇಷದ ಒಂದು ಫೈಲಿನೊಳಗೆ ಕಟ್ಟಿ ಕೊಡಬೇಕು.

ದಡ್ಡಿ ಎಂಬ ಹಳ್ಳಿಯ ಸಾವಿತ್ರವ್ವನ ಹೊಲದಲ್ಲಿ ಬಾಜೂ ಹೊಲದವನು ಉಳುತ್ತ ಉಳುತ್ತ ಎಂಟು ಗುಂಟೆ ಒಳಗೆ ಬಂದಿದ್ದ. ಶನಿವಾರ ಅಳತೆ. ಅಷ್ಟರೊಳಗೆ ಹಳೆಯ ನಕ್ಷೆ ಸಿಗದಿದ್ದರೆ ಅವನ ನೇಗಿಲ ಗೆರೆಯೇ ಗಡಿ. ಉಪಕೋಶದ ಆಪರೇಟರ್ ಕಸ್ತೂರಿ ದಡ್ಡಿಯ ನಕ್ಷೆಗಳ ಫೋಲ್ಡರನ್ನು ಹತ್ತೇ ನಿಮಿಷದಲ್ಲಿ ಡಿಸ್ಕ್ ಮಾಡಿದಳು. ಅದನ್ನು ಸಾಹೇಬರಿಗೆ ಹೇಳಿದ್ದೇ ತಪ್ಪಾಯಿತು.

ಸಾಹೇಬ ಸೋಮಶೇಖರ ಕನ್ನಡಕ ತೆಗೆದರು. “ಹೊಸಾ ಡಿಸ್ಕ್ ಬಂದೈತಿ ಅಂದ್ರ ಕೊಟೇಶನ್ ಎಲ್ಲೈತ್ರಿ?”

“ಕೊಂಡಿಲ್ರಿ ಸರ್. ನಾನ ಮಾಡೇನಿ.”

“ಆಫೀಸಿನ್ಯಾಗ ಡಿಸ್ಕ್ ತಯಾರ ಮಾಡಾಕತ್ತೀರಿ? ಕಾರ್ಖಾನೆ ಲೈಸನ್ಸ್ ಐತೇನ್ರಿ?”

ಬುಧವಾರ ಸುತ್ತೋಲೆ ಹೊರಟಿತು: ‘ಕಣ್ಣಿಗೆ ಕಾಣದ ವಸ್ತುಗಳನ್ನು ಸಹ ಕಚೇರಿ ಸಾಮಾನುಗಳ ಡೆಡ್‌ಸ್ಟಾಕ್ ರಜಿಸ್ಟರಿನಲ್ಲಿ ದಾಖಲಿಸಿ, ಬಿಳಿ ಬಣ್ಣದಲ್ಲಿ ನಂಬರು ಬರೆದ ನಂತರವೇ ಬಳಸತಕ್ಕದ್ದು.’ ಗುರುವಾರ ಬಣ್ಣದ ಡಬ್ಬಿ ಬಂತು, ಬರೆಯಲು ಜಾಗ ಸಿಗಲಿಲ್ಲ. ಡಿಸ್ಕಿಗೆಂದು ಒಂದು ಖಾಲಿ ಮೇಜು ಮಂಜೂರಾಗಿ, ನಂಬರು ಅದರ ಕಾಲಿಗೆ ಬಿತ್ತು. ಹೊಸ ಯಂತ್ರಕ್ಕೆ ಪೂಜೆಯಾಗದೆ ಕೈ ಹಚ್ಚುವ ಪದ್ಧತಿ ಈ ಕಡೆ ಇಲ್ಲ. ಶುಕ್ರವಾರ ಖಾಲಿ ಮೇಜಿಗೆ ಕುಂಕುಮ ಹಚ್ಚಿ, ಕಾಯಿ ಒಡೆದು, ಎಲ್ಲರೂ ಗೋಕಾಕದ ಕರದಂಟು ತಿಂದರು. ಪರಿಶೀಲನಾ ಸಮಿತಿ ಬಂದು ನೋಡುವ ತನಕ ಯಾರೂ ಡಿಸ್ಕ್ ತೆರೆಯಬಾರದೆಂದು ಸಾಹೇಬರು ಕಸ್ತೂರಿಯ ಪಾಸ್‌ವರ್ಡ್ ಬದಲಿಸಿ, ಹೊಸದನ್ನು ಲಕೋಟೆಯಲ್ಲಿಟ್ಟು ಅರಗು ಹಾಕಿಸಿದರು.

“ಸಮಿತಿ ಯಾವಾಗ ಬರ್ತೈತ್ರಿ?”

“ಸೋಮವಾರ.”

“ಅಳತಿ ನಾಳೆ ಐತ್ರಿ ಸರ್!”

“ಹಂಗಾದ್ರ ಅವಸರ ಅವರದು. ನಮ್ಮದಲ್ಲ.”

ಶನಿವಾರ ನೇಗಿಲ ಗೆರೆ ಗಡಿಯಾಯಿತು. ಸೋಮವಾರ ಸಮಿತಿ ಬಂದು, ಖಾಲಿ ಮೇಜನ್ನು ಸವರಿ ನೋಡಿ, ಡಿಸ್ಕ್ ಸುಸ್ಥಿತಿಯಲ್ಲಿದೆ ಎಂದು ಷರಾ ಬರೆಯಿತು. ಆಮೇಲೆ ತೆರೆದ ನಕ್ಷೆಯಲ್ಲಿ ಎಂಟೂ ಗುಂಟೆ ಸಾವಿತ್ರವ್ವನದೇ ಎಂಬುದು ಹಗಲಿನಷ್ಟು ಸ್ಪಷ್ಟವಾಗಿತ್ತು. ಆದರೆ ಅಳತೆ ಮುಗಿದ ಮಾತು. ಯಾರಿಗೂ ಅನ್ಯಾಯವಾಗಬಾರದೆಂದು ಉಪಕೋಶ ಆದೇಶ ಹೊರಡಿಸಿತು: ‘ಸದರಿ ಎಂಟು ಗುಂಟೆಯು ಇನ್ನು ಮುಂದೆ ವರ್ಚುವಲ್ ಕಂಪ್ಯೂಟರಿನ ಒಳಗೆ ಸಾವಿತ್ರವ್ವನ ಸ್ವಾಧೀನದಲ್ಲಿರತಕ್ಕದ್ದು.’ ಆದೇಶ ಟೈಪ್ ಮಾಡಿದವಳೂ ಕಸ್ತೂರಿಯೇ.

ಹಿಂಗಾರಿ ಬಿತ್ತನೆಯ ಹೊತ್ತಿಗೆ ಸಾವಿತ್ರವ್ವ ಉಡಿಯಲ್ಲಿ ಒಂದು ಸೇರು ಬಿಳಿಜೋಳ ಕಟ್ಟಿಕೊಂಡು ಕಚೇರಿಗೆ ಬಂದಳು. ಜಗಳಕ್ಕೆ ಬಂದಿರಲಿಲ್ಲ.

“ತಂಗಿ, ನನ್ನ ಎಂಟು ಗುಂಟೆದ ಬೀಜ. ಎಲ್ಲಿ ಹಾಕ್ಲಿ?”

ಸಾಹೇಬರು ಕಡತದಿಂದ ತಲೆ ಎತ್ತದೆ ಡಿಸ್ಕಿನ ಖಾಲಿ ಮೇಜಿನತ್ತ ಕೈ ಮಾಡಿದರು. ಕಸ್ತೂರಿ ಜೋಳ ಅಳೆದುಕೊಂಡು, ಬಿತ್ತನೆ ಆಗಿದೆ ಎಂದು ರಸೀದಿ ಬರೆದುಕೊಟ್ಟಳು. ಸಾವಿತ್ರವ್ವ ಅದನ್ನು ಕಣ್ಣಿಗೊತ್ತಿಕೊಂಡು, “ಜ್ವಾಳದಾಗಿನ ಕಸಾ ತಗ್ಯಾಕ ಯಾವಾಗ ಬರ್ಲಿ?” ಎಂದಳು.

ಕಸ್ತೂರಿ ಗೋಡೆಯ ಕ್ಯಾಲೆಂಡರ್ ನೋಡಿದಳು.

“ದೀಪಾವಳಿ ಸೂಟಿ ಮುಗೀಲಿ, ಬರ್ರಿ ಆಯಿ.”